ಇಪ್ಪತ್ತೆಂಟು ಬೋರಿನ ಕೋವಿಗೆ ಎಷ್ಟು ಚರೆ?

ನವೆಂಬರ್ ಹೊತ್ತಿಗೆ ಊರಿಗೆ ಫೋನ್ ಮಾಡಿದರೆ ಚಿಕ್ಕಪ್ಪ ಅರೇಬಿಕಾ ಕುಯ್ಲು, ಆಳಿನ ಕೂಲಿ, ಅಕಾಲದ ಮಳೆ ಎಲ್ಲ ಹೇಳಿ ಮುಗಿಸಿ ಕೋವಿಯ ವಿಷಯಕ್ಕೆ ಬರುತ್ತಾರೆ. ಮೂಡಿಗೆರೆ ಕಡೆಯ ಮನೆಗಳಲ್ಲಿ ಕೋವಿ ಎಂದರೆ 12 ಬೋರು (ಬೋರು ಎಂದರೆ ನಳಿಗೆಯ ಒಳಅಗಲದ ಅಳತೆ): ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದದ್ದು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರಬೇಕಾದದ್ದು. ತೋಟಾ, ಅಂದರೆ ಮದ್ದು ಮತ್ತು ಚರೆ (ಸಣ್ಣ ಲೋಹದ ಗುಂಡು) ತುಂಬಿದ ಕಾರ್ಟ್ರಿಜ್, ಅವರಿಗೆ ದಪ್ಪ ಚರೆಯ ಎಲ್‌ಜಿ, ಎಸ್‌ಜಿ, ಬಿಟ್ಟರೆ ನಾಲ್ಕನೇ ನಂಬರು. ನನ್ನದು 28 ಬೋರು ಎಂದಾಗ ಅವರಿಗೆ ನಗು. "ಎಂಥ ಮಾರಾಯ, ಗುಬ್ಬಿ ಹೊಡೆಯಲಿಕ್ಕಾ?"

ಗುಬ್ಬಿಗಲ್ಲ ಚಿಕ್ಕಪ್ಪ, ಫೆಸೆಂಟಿಗೆ. ನಮ್ಮ ಕಾಡುಕೋಳಿಯ ದಾಯಾದಿ, ಉದ್ದ ಬಾಲದ ಹಕ್ಕಿ. ನಾನಿರುವ ಯಾರ್ಕ್‌ಶೈರಿನಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಇದರ ಕಾಲ. ಅದಕ್ಕೂ ಮೊದಲು ಆಗಸ್ಟ್ 12ಕ್ಕೆ ಗ್ರೌಸ್, ಸೆಪ್ಟೆಂಬರ್ 1ಕ್ಕೆ ಕವುಜುಗ ಶುರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಶಿಕಾರಿಯ ಕತೆ ಮುಗಿಯಿತು. ಇಲ್ಲಿ ಅದು ಕಾನೂನಿನೊಳಗೇ ಇದೆ. ಫೆಸೆಂಟುಗಳನ್ನು ಬಹುಪಾಲು ಸಾಕಿಯೇ ಕಾಡಿಗೆ ಬಿಡುತ್ತಾರೆ. ಸಾಕಿ ಬಿಟ್ಟ ಹಕ್ಕಿಯನ್ನು ಹೊಡೆಯುವುದು ಎಂಥ ಶಿಕಾರಿ ಎಂದು ಇಲ್ಲಿನವರೂ ಜಗಳವಾಡುತ್ತಾರೆ, ಆ ಜಗಳದಲ್ಲಿ ಹುರುಳೂ ಇದೆ. ಇವತ್ತು ಮಾತ್ರ ತೋಟಾದ ಮಾತು.

ಹಕ್ಕಿ ಎಬ್ಬಿಸುವ ಸೋವಿನವರು ಕೋಲು ಬಡಿಯುತ್ತ, ನಾಯಿ ಬಿಡುತ್ತ ಕಾಡಿನೊಳಗಿಂದ ಬರುತ್ತಾರೆ. ಕೋವಿಯವರು ಹೊರಗೆ ಸಾಲಾಗಿ ನೆಟ್ಟ ಗೂಟಗಳ ಬಳಿ ನಿಂತಿರುತ್ತಾರೆ. ಮಲೆನಾಡಿನ ಹಳಬರು ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿ ಕಾಯುತ್ತ, ನಿಲ್ಲುತ್ತಿದ್ದ ಹಾಗೆಯೇ. ಆದರೆ ಇಲ್ಲಿ ಗುರಿ ನೆಲದ ಮೇಲಲ್ಲ, ನೆತ್ತಿಯ ಮೇಲೆ. ತಗ್ಗಿನಲ್ಲಿ ಹಾರುವ ಹಕ್ಕಿಗೆ ಯಾರೂ ಕೋವಿ ಎತ್ತುವುದಿಲ್ಲ, ಎತ್ತಿದರೆ ಮುಂದಿನ ಸಲ ಕರೆಯೂ ಬರುವುದಿಲ್ಲ. ಹೊಡೆಯುವುದಾದರೆ 25ರಿಂದ 40 ಗಜ ಎತ್ತರದ್ದು. ತೋಟಾದ ಲೆಕ್ಕವೆಲ್ಲ ಹುಟ್ಟುವುದು ಈ ದೂರದಿಂದ.

ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಎರೆದರೆ, ಆ ಒಂದು ಗುಂಡು ಹಿಡಿಸುವ ನಳಿಗೆ 12 ಬೋರು. 28 ಗುಂಡು ಎರೆದರೆ 28 ಬೋರು. ಹಾಗಾಗಿ ನಂಬರು ಏರಿದಷ್ಟೂ ನಳಿಗೆ ಸಣ್ಣದು: 12 ಬೋರಿನ ಒಳಅಳತೆ 18.5 ಮಿ.ಮೀ., 20 ಬೋರಿನದು 15.6, 28 ಬೋರಿನದು 14. ಫೋರ್‌ಟೆನ್ ಎಂಬ ಕೋವಿ ಮಾತ್ರ ಈ ಲೆಕ್ಕಕ್ಕೆ ಹೊರಗು, ಅದರ ನಳಿಗೆ 0.410 ಇಂಚು ಅಷ್ಟೆ. ಮೊದಮೊದಲು ಹುಡುಗರ ಕೈಗೆ ಕೊಡುತ್ತಿದ್ದ ಈ ಸಣ್ಣ ಕೋವಿಗಳನ್ನು ಈಗ ದೊಡ್ಡವರೂ ಇಷ್ಟಪಟ್ಟು ಹಿಡಿಯುತ್ತಾರೆ. ದಿನವಿಡೀ ಗುಡ್ಡ ಹತ್ತಿಳಿಯುವವರಿಗೆ ಹಗುರ, ಎತ್ತಿದರೆ ಭುಜಕ್ಕೆ ತಾನೇ ಬಂದು ಕೂರುತ್ತದೆ.

ಇನ್ನು ಲೆಕ್ಕ. 40 ಗಜದಲ್ಲಿ ಹಾರುವ ಫೆಸೆಂಟ್ ನರಳದೆ ಬೀಳಬೇಕೆಂದರೆ, ಅಲ್ಲಿ 30 ಇಂಚು ಅಗಲದ ವೃತ್ತದೊಳಗೆ ಕನಿಷ್ಠ 120 ಚರೆ ಇರಬೇಕು ಎಂಬುದು ಇಲ್ಲಿನವರ ಹಳೆಯ ನಿಯಮ. ಚರೆಗೂ ನಂಬರು ಏರಿದಷ್ಟೂ ಗಾತ್ರ ಸಣ್ಣದು. ಬ್ರಿಟನ್ನಿನ 6ನೇ ನಂಬರಿನ ಸೀಸದ ಚರೆ ಒಂದು ಔನ್ಸಿಗೆ 270. 5ನೇ ನಂಬರಾದರೆ 220, 7 ಆದರೆ 340. 28 ಬೋರಿನ ಸಾಂಪ್ರದಾಯಿಕ ತೋಟಾದಲ್ಲಿ 21 ಗ್ರಾಂ ಚರೆ, ಅಂದರೆ ಮುಕ್ಕಾಲು ಔನ್ಸಿನ ಹತ್ತಿರ. 6ನೇ ನಂಬರಿನಲ್ಲಿ ಸುಮಾರು 200 ಚರೆ ಆಯಿತು. ನಳಿಗೆಯ ತುದಿಯ ಬಿಗಿತ, ಅಂದರೆ ಚೋಕ್, ಅರ್ಧದಷ್ಟಿದ್ದರೆ 40 ಗಜದಲ್ಲಿ ನೂರಕ್ಕೆ 60 ಚರೆ ಆ ವೃತ್ತಕ್ಕೆ ಬೀಳುತ್ತವೆ ಎಂದು ಕೋಷ್ಟಕ ಹೇಳುತ್ತದೆ. 200ರಲ್ಲಿ 60 ಪಾಲು, ಸರಿಯಾಗಿ 120. ಒಂದು ಚರೆಯೂ ಉಳಿತಾಯವಿಲ್ಲ! 30 ಗ್ರಾಮಿನ 12 ಬೋರಿನವನಿಗೆ ಅದೇ ಜಾಗದಲ್ಲಿ 170 ಚರೆ ಇರುತ್ತದೆ. ಅವನ ಕೈ ಸ್ವಲ್ಪ ತಪ್ಪಿದರೂ ನಡೆಯುತ್ತದೆ.

ಆದ್ದರಿಂದ 28 ಬೋರಿಗೆ 5ನೇ ನಂಬರು ಹಾಕುವುದು ನನಗೆ ಒಪ್ಪಿತವಲ್ಲ. ಚರೆ ದಪ್ಪವಾದರೆ ಏಟು ಜೋರು ಎನ್ನುವುದು ನಿಜ, ಆದರೆ ಸಂಖ್ಯೆ 160ರ ಆಸುಪಾಸಿಗೆ ಇಳಿದು ನಡುವೆ ಕಿಂಡಿ ಬೀಳುತ್ತದೆ, ಹಕ್ಕಿ ಗಾಯಗೊಂಡು ಬೇಲಿ ದಾಟಿ ಹೋಗುತ್ತದೆ. ಋತುವಿನ ಆರಂಭದ ಕವುಜುಗಕ್ಕೆ 7ನೇ ನಂಬರು ಚೆನ್ನ: ಹಕ್ಕಿ ಸಣ್ಣದು, ದೂರವೂ ಕಡಿಮೆ. ಜನವರಿಯ ಹೊತ್ತಿಗೆ ದಪ್ಪ ಗರಿ ಹೊದ್ದು ಬಲಿತ ಫೆಸೆಂಟ್ ಹುಂಜಕ್ಕೆ ಮಾತ್ರ ಸಣ್ಣ ಚರೆ ಸಾಲದು. ನಡುವಿನ 6 ಎಲ್ಲಕ್ಕೂ ಆಗುತ್ತದೆ. 20 ಬೋರಿನಲ್ಲಿ ಇಷ್ಟು ಇಕ್ಕಟ್ಟಿಲ್ಲ. 25 ಗ್ರಾಂ 6ನೇ ನಂಬರಿನಲ್ಲಿ 238 ಚರೆ, ಕಾಲು ಚೋಕಿನಲ್ಲೂ 130 ಸಿಗುತ್ತದೆ. ಒಂದೇ ಕೋವಿ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಫೋರ್‌ಟೆನ್ನಿನ 14 ಗ್ರಾಂ ತೋಟಾವನ್ನು ನಾನಾದರೆ 30 ಗಜದಾಚೆ ಹೊಡೆಯುವುದಿಲ್ಲ.

ಇಲ್ಲಿ ಒಂದು ಆಸೆ ಎಲ್ಲರಿಗೂ ಹುಟ್ಟುತ್ತದೆ. 28 ಬೋರಿಗೇ 28 ಗ್ರಾಂ ತುಂಬಿದ ತೋಟಾ ಅಂಗಡಿಯಲ್ಲಿ ಸಿಗುತ್ತದಲ್ಲ, ಅದನ್ನೇ ಹಾಕಿದರೆ 12 ಬೋರಿಗೆ ಸಮವಾಗದೇ? ಕಾಗದದ ಮೇಲೆ ಆಗುತ್ತದೆ. ಆದರೆ ಕಿರಿದಾದ ನಳಿಗೆಯಲ್ಲಿ ಚರೆಯ ಕಂಬ ಉದ್ದವಾಗಿ, ಮದ್ದು ಹೊತ್ತಿದ ಒತ್ತಡಕ್ಕೆ ಕೆಳಸಾಲಿನ ಸೀಸ ಚಪ್ಪಟೆಯಾಗುತ್ತದೆ. ನಳಿಗೆಯ ಗೋಡೆಗೆ ಉಜ್ಜಿದ ಚರೆಗಳೂ ಹೆಚ್ಚುತ್ತವೆ. ಇವೆಲ್ಲ ದಾರಿಬಿಟ್ಟು ಹೋಗುವ ಚರೆ. ಮೇಲಾಗಿ ಭುಜದ ಪಾಡು. ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕೆಂದು ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಗ್ರೀನರ್ 19ನೇ ಶತಮಾನದಲ್ಲಿ ಹೇಳಿದ್ದ. 21 ಗ್ರಾಮಿಗೆ 2 ಕೆ.ಜಿ. ಕೋವಿ ಸಾಕು, 28 ಗ್ರಾಮಿಗೆ ಸುಮಾರು 2.7 ಕೆ.ಜಿ. ಬೇಕು. ಹಗುರವೆಂದು ಸಣ್ಣ ಕೋವಿ ಕೊಂಡು, ಅದಕ್ಕೆ ದೊಡ್ಡದರ ಹೊರೆ ತುಂಬಿ, ಮಧ್ಯಾಹ್ನದ ಹೊತ್ತಿಗೆ ಭುಜ ಉಜ್ಜಿಕೊಳ್ಳುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಪಕ್ಕದ ಫಾರಂನ ಅಜ್ಜ ಇವರನ್ನು ಕಂಡರೆ ಏನೂ ಅನ್ನುವುದಿಲ್ಲ, ತನ್ನ 20 ಬೋರು ಮಡಚಿ ಪೈಪು ಹಚ್ಚುತ್ತಾನೆ.

ಕೊಳ್ಳುವಾಗ ಕೋವಿಯ ಚೇಂಬರಿನ, ಅಂದರೆ ತೋಟಾ ಕೂರುವ ಗೂಡಿನ, ಉದ್ದ ನೋಡದೆ ಹಣ ಕೊಡಬೇಡಿ. ಹಳೆಯ ಇಂಗ್ಲಿಷ್ ಕೋವಿಗಳದ್ದು ಹೆಚ್ಚಾಗಿ ಎರಡೂವರೆ ಇಂಚು, ಅಂದರೆ 65 ಮಿ.ಮೀ.; ಹೊಸ ತೋಟಾಗಳು 70 ಅಥವಾ 76. ಉದ್ದದ ತೋಟಾ ಗಿಡ್ಡ ಚೇಂಬರಿಗೆ ಹೋಗಿಬಿಡುತ್ತದೆ, ಅಪಾಯವೇ ಅಲ್ಲಿದೆ: ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಮಿತಿ ಮೀರುತ್ತದೆ. 20 ಬೋರಿನ ತೋಟಾಗಳು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುವುದಕ್ಕೂ ಕಾರಣವಿದೆ. ಅದು 12 ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿ ಇದೆಯೆಂದು ಹಿಂದಿನಿಂದ ಇನ್ನೊಂದು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಜೇಬಿನಲ್ಲಿ ಎರಡು ಬೋರಿನ ತೋಟಾ ಬೆರೆಸುವವರ ಜೊತೆ ನಾನು ನಿಲ್ಲುವುದಿಲ್ಲ.

ಈ ಲೆಕ್ಕವೆಲ್ಲ ಸೀಸದ್ದು, ಆ ಸೀಸಕ್ಕೆ ಈಗ ಕೊನೆಗಾಲ. ನೆಲಕ್ಕೆ ಬಿದ್ದ ಚರೆಯನ್ನು ಹಕ್ಕಿಗಳು ಜಲ್ಲಿಯೆಂದು ನುಂಗಿ ವಿಷವೇರಿ ಸಾಯುತ್ತವೆ. ಮಾಂಸದೊಂದಿಗೆ ಅದು ನಮ್ಮ ತಟ್ಟೆಗೂ ಬರುತ್ತದೆ. ಇಂಗ್ಲೆಂಡಿನಲ್ಲಿ ಬಾತುಕೋಳಿಗೆ ಸೀಸ ಹೊಡೆಯುವುದು 1999ರಿಂದಲೇ ನಿಷಿದ್ಧ. 2020ರಲ್ಲಿ ಶೂಟಿಂಗ್ ಸಂಘಟನೆಗಳೇ ಐದು ವರ್ಷದಲ್ಲಿ ಸೀಸ ಬಿಡೋಣ ಎಂದವು, 2025ರ ಜುಲೈಯಲ್ಲಿ ಸರ್ಕಾರ ನಿಷೇಧವನ್ನೇ ಘೋಷಿಸಿತು. ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಪೆಟ್ಟು ಬೀಳುವುದು ಸಣ್ಣ ಕೋವಿಗಳಿಗೇ.

ಸೀಸದ ಬದಲಿಗೆ ಬರುವ ಉಕ್ಕಿನ ಸಾಂದ್ರತೆ 7.8, ಸೀಸದ್ದು 11ಕ್ಕಿಂತ ಮೇಲು. ಹಗುರವಾದ ಚರೆ ಗಾಳಿಯಲ್ಲಿ ಬೇಗ ಸೋಲುವುದರಿಂದ ಎರಡು ನಂಬರು ದಪ್ಪದ್ದು ಬೇಕು: ಸೀಸದ 6ರ ಬದಲು ಉಕ್ಕಿನ 4. ಅದೇ ತೂಕಕ್ಕೆ ನೂರಕ್ಕೆ 40ರಷ್ಟು ಹೆಚ್ಚು ಜಾಗವೂ ಬೇಕು. ಉಕ್ಕು ನಳಿಗೆ ಗೀರದಂತೆ ಚರೆಯ ಸುತ್ತ ಗಟ್ಟಿ ಬಟ್ಟಲು ಇರಬೇಕು, ಅದಕ್ಕೂ ಜಾಗ. 12 ಬೋರು ಇದನ್ನೆಲ್ಲ ತಡೆದುಕೊಳ್ಳುತ್ತದೆ. 20 ಬೋರು 24 ಗ್ರಾಂ ಉಕ್ಕಿನಲ್ಲಿ 35 ಗಜದವರೆಗೆ ಮರ್ಯಾದೆ ಉಳಿಸಿಕೊಳ್ಳುತ್ತದೆ. 28 ಬೋರಿನ ತೋಟಾದೊಳಗೆ ಆ ಜಾಗ ಎಲ್ಲಿಂದ ಬರಬೇಕು? ಉಳಿದದ್ದು ಬಿಸ್ಮತ್ ಎಂಬ ಲೋಹ. ಅದು ಸೀಸಕ್ಕೆ ಹತ್ತಿರ, ಒಂದು ನಂಬರು ದಪ್ಪ ಮಾಡಿದರೆ ಸಾಕು, ಹಳೆಯ ಕೋವಿಗೂ ಹಿತ. ಬೆಲೆ ಮಾತ್ರ ಸೀಸದ ಹಲವು ಪಟ್ಟು. ಹಾಗಾಗಿ ನಾನು ಈಗ ಬಿಸ್ಮತ್ತಿನ 5ನೇ ನಂಬರು ತರಿಸಿ, 35 ಗಜಕ್ಕಿಂತ ಎತ್ತರದ ಹಕ್ಕಿಗಳನ್ನು ಪಕ್ಕದ ಗೂಟದವರಿಗೆ ಬಿಡುತ್ತೇನೆ.

ಬೇರೆ ತೋಟಾಕ್ಕೆ ಹೋಗುವವರು ಋತುವಿಗೆ ಮೊದಲೇ ಗುರಿಯಿಟ್ಟು ಹೊಡೆದು ಚರೆ ಎಣಿಸಿ ನೋಡಿ, ಕೋಷ್ಟಕದ ಅಂಕಿ ನಿಮ್ಮ ನಳಿಗೆಗೆ ಹೊಂದಲೇಬೇಕೆಂದಿಲ್ಲ. ಉಕ್ಕಿನ ಚರೆಯಾದರೆ ಕ್ಲಬ್ಬುಗಳಲ್ಲಿರುವ ಕಬ್ಬಿಣದ ಫಲಕಕ್ಕೆ ಹೊಡೆಯಬೇಡಿ, ಚರೆ ಪುಟಿದು ಮುಖಕ್ಕೇ ಬರುತ್ತದೆ. ದೊಡ್ಡ ಕಾಗದ ಕಟ್ಟಿ ಹೊಡೆಯಿರಿ.