ದಿನಕ್ಕೆ ಹತ್ತೇ ಪೆಲೆಟ್: ಆರು ವಾರದ ಲೆಕ್ಕ

ಬಳ್ಳಾರಿಯಲ್ಲಿ ನಾನು ಪೆಲೆಟ್ (ಏರ್ ರೈಫಲ್‌ಗೆ ಹಾಕುವ ಪುಟ್ಟ ಗುಂಡು) ತರುವ ಅಂಗಡಿಯಲ್ಲಿ ಎರಡು ತಿಂಗಳಿಂದ ಸ್ಟಾಕ್ ಇಲ್ಲ. ಬೇರೆ ಕಡೆಯಿಂದ ತರಿಸಿದರೆ ದುಪ್ಪಟ್ಟು ರೇಟು. ಮನೆಯಲ್ಲಿದ್ದ ಡಬ್ಬಿ ಸುರುವಿ ಎಣಿಸಿದೆ: 384. ಮೊದಲೆಲ್ಲ ಒಂದು ಸಂಜೆಗೆ 60 ಹೊಡೆಯುತ್ತಿದ್ದೆ. 10 ಮೀಟರ್ ಏರ್ ರೈಫಲ್ ಮ್ಯಾಚಿನಲ್ಲಿ ಅಷ್ಟೇ ಅಲ್ವಾ? 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದಾಗಿನಿಂದ ಹಿಡಿದ ಹುಚ್ಚು ಇದು, ನಿಲ್ಲಿಸಲು ಮನಸ್ಸಿಲ್ಲ. ದಿನಕ್ಕೆ 10, ವಾರಕ್ಕೆ ಐದು ದಿನ ಅಂತ ಗೊತ್ತು ಮಾಡಿಕೊಂಡೆ.

ಹೊಡೆಯಲು ಶುರು ಮಾಡುವ ಮುಂಚೆ ಒಂದು ವಾರ ಪೆಲೆಟ್ ತಡೆಯುವ ಪೆಟ್ಟಿಗೆ ಕಟ್ಟುವುದರಲ್ಲೇ ಹೋಯಿತು. ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲಿಂದ ಪಡಸಾಲೆ ಗೋಡೆಗೆ 5 ಮೀಟರ್ ಸಿಗುತ್ತದೆ. ಮರದ ಪೆಟ್ಟಿಗೆ, ಹಿಂದೆ ಗುಜರಿಯಿಂದ ತಂದ ದಪ್ಪ ಕಬ್ಬಿಣದ ತಗಡು, ಒಳಗೆ ಜೀನ್ಸ್ ಚಿಂದಿ. ಜೀನ್ಸ್ ಹೊಲಿಯುವ ಊರಲ್ಲಿ ಚಿಂದಿಗೇನು ಬರ? ಒಂದು ಚೀಲ ಪುಕ್ಕಟೆ ಸಿಕ್ಕಿತು. ಕಾಲಿಂದ ತುಳಿದು ಬಿಗಿಯಾಗಿ ತುಂಬಿದೆ. ಈಗ ಪೆಲೆಟ್ ತಗಡಿನವರೆಗೆ ಹೋಗುವುದೇ ಇಲ್ಲ, ಚಿಂದಿಯಲ್ಲೇ ನಿಲ್ಲುತ್ತದೆ. ಹೊಡೆಯುವಾಗ ಬೀದಿ ಬಾಗಿಲಿಗೆ ಚಿಲಕ, ಕಣ್ಣಿಗೆ ಕನ್ನಡಕ, ಮನೆಯವರೆಲ್ಲ ನನ್ನ ಹಿಂದೆ. ಪೆಲೆಟ್ ಸೀಸದ್ದು, ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ.

ದೂರ ಅರ್ಧ ಆಯಿತಲ್ಲ, ಗುರಿಯ ಕಾರ್ಡನ್ನೂ ಅರ್ಧಕ್ಕೆ ಜೆರಾಕ್ಸ್ ಮಾಡಿಸಿದೆ. 30.5 ಮಿ.ಮೀ. ಕಪ್ಪು ವೃತ್ತ 15ಕ್ಕೆ ಇಳಿಯಿತು. ಆದರೆ ಪೆಲೆಟ್ ಅದೇ 4.5 ಮಿ.ಮೀ., ಅದು ಕುಗ್ಗಲ್ಲ. ಹಾಗಾಗಿ ತೂತಿನ ಅಂಚು ಒಳಗಿನ ಗೆರೆಗೆ ತಾಗಿ ಸುಮ್ನೆ ಜಾಸ್ತಿ ಅಂಕ ಬರುತ್ತದೆ. ಆ ಅಂಕ ಬರೆಯುವುದು ಬಿಟ್ಟೆ. ದೂರ ದೂರ ಬಿದ್ದ ಎರಡು ತೂತುಗಳ ಹೊರ ಅಂಚಿನಿಂದ ಅಂಚಿಗೆ ಸ್ಕೇಲ್ ಇಟ್ಟು, 4.5 ಕಳೆದು, ಗುಂಪಿನ ಅಗಲ ಬರೆಯುತ್ತೇನೆ. ಮೊದಲ ದಿನ 31 ಮಿ.ಮೀ.

ಪೆಲೆಟ್ ಉಳಿಸೋಣ ಅಂತ ಖಾಲಿ ಹೊಡೆಯುವ ಆಸೆ ಆಗುತ್ತದೆ. ನನ್ನದು ಸ್ಪ್ರಿಂಗ್ ರೈಫಲ್, ಅದರಲ್ಲಿ ಬೇಡ. ಪೆಲೆಟ್ ಇಲ್ಲದಿದ್ದರೆ ಗಾಳಿಗೆ ತಡೆ ಇರುವುದಿಲ್ಲ, ಪಿಸ್ಟನ್ ನೇರ ಹೋಗಿ ಸಿಲಿಂಡರ್ ತುದಿಗೆ ಬಡಿಯುತ್ತದೆ, ಸೀಲು, ಸ್ಪ್ರಿಂಗು ಎರಡೂ ಹಾಳು. ಅದಕ್ಕೇ ಸ್ಪ್ರಿಂಗ್ ಎಳೆಯದೆ, ದಿನಾ 20 ನಿಮಿಷ ಬರೀ ಹೋಲ್ಡಿಂಗ್, ಅಂದರೆ ರೈಫಲ್ ಎತ್ತಿ ಗುರಿ ಹಿಡಿದು ನಿಲ್ಲುವುದು. "ತೋಳು ನೋಯಲ್ಲೇನೋ?" ಅಂತ ಅವ್ವ ಕೇಳುತ್ತಾಳೆ. ನೋಯುತ್ತದೆ. ಮೂರನೇ ವಾರದಿಂದ ಕಡಿಮೆ ಆಗಿದೆ.

ನಿಜವಾದ ಬದಲಾವಣೆ ತಂದಿದ್ದು ನೋಟ್‌ಬುಕ್. ಹೊಡೆದ ಮೇಲೆ ಕಾರ್ಡ್ ನೋಡುವ ಮುಂಚೆ, ಗುಂಡು ಎಲ್ಲಿ ಬಿತ್ತು ಅನಿಸುತ್ತದೋ ಅಲ್ಲಿ ಪೆನ್ಸಿಲ್ ಚುಕ್ಕಿ ಇಡುತ್ತೇನೆ. ಆಮೇಲೆ ಹೋಗಿ ನಿಜವಾದ ತೂತಿನ ಜಾಗಕ್ಕೆ ಕೆಂಪು ಚುಕ್ಕಿ. ಮೊದಮೊದಲು 10ರಲ್ಲಿ ಮೂರು ಹೊಂದುತ್ತಿದ್ದವು, ಈಗ ಏಳು. ಹಾಳೆಗಳನ್ನು ಸಾಲಾಗಿ ಹರವಿ ನೋಡಿದರೆ, ಎಂಟನೇ, ಒಂಬತ್ತನೇ ಕೆಂಪು ಚುಕ್ಕಿ ಸದಾ ಎಡಕ್ಕೆ ಕೆಳಗೆ. ಗಡಿಯಾರ ಇಟ್ಟು ನೋಡಿದೆ. ಕೊನೆಕೊನೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಉಸಿರು ಹಿಡಿಯುತ್ತಿದ್ದೆ, ಕಣ್ಣು ಮಂಜಾಗುತ್ತಿತ್ತು. ಈಗ ಎಂಟು ಎಣಿಸುವುದರೊಳಗೆ ಟ್ರಿಗರ್ ಬೀಳದಿದ್ದರೆ ಒತ್ತುವುದಿಲ್ಲ. ನಳಿಗೆ ಪೆಟ್ಟಿಗೆಯತ್ತಲೇ ಇಟ್ಟು ರೈಫಲ್ ಇಳಿಸಿ, ಉಸಿರಾಡಿ, ಮತ್ತೆ ಎತ್ತುತ್ತೇನೆ. 60 ಹೊಡೆಯುತ್ತಿದ್ದ ಕಾಲದಲ್ಲಿ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಈ ಶುಕ್ರವಾರದ ಗುಂಪು 19 ಮಿ.ಮೀ. ಡಬ್ಬಿಯಲ್ಲಿ 84 ಉಳಿದಿವೆ. ಸೋಮವಾರದಿಂದ ದಿನಕ್ಕೆ ಐದು.