ಆರನೇ ವಿಧಿಯ ‘ಅಥವಾ’

ಯುರೋಪಿನ ಇತಿಹಾಸದ ತರಗತಿ ಎಂದರೆ ಬೋರ್ಡಿನ ಮೇಲೆ ಬರೆದ, ಸರ್ಕಾರವಿಲ್ಲದ ಬದುಕಿನ ಮೂರು ಕೊರತೆಗಳೇ ಮೊದಲು ನೆನಪಿಗೆ ಬರುತ್ತವೆ: ಎಲ್ಲರಿಗೂ ಗೊತ್ತಿರುವ ಕಾನೂನಿಲ್ಲ, ಪಕ್ಷಪಾತವಿಲ್ಲದ ನ್ಯಾಯಾಧೀಶನಿಲ್ಲ, ತೀರ್ಪನ್ನು ಜಾರಿಗೆ ತರುವ ಬಲವಿಲ್ಲ. ಸರ್ಕಾರ ಏಕೆ ಬೇಕು ಎಂಬುದಕ್ಕೆ ಹದಿನೇಳನೇ ಶತಮಾನದ ಇಂಗ್ಲಿಷ್ ಚಿಂತಕ ಜಾನ್ ಲಾಕ್ ‘ಸರ್ಕಾರದ ಬಗ್ಗೆ ಎರಡು ಪ್ರಬಂಧಗಳು’ ಎಂಬ ಪುಸ್ತಕದಲ್ಲಿ ಕೊಟ್ಟ ಉತ್ತರ ಅದು. ಇವನ್ನು ನೀಗಿಸಲು ಜನ ನಂಬಿಕೆಯ ಮೇಲೆ ಅಧಿಕಾರ ಒಪ್ಪಿಸುತ್ತಾರೆ. ನಂಬಿಕೆ ಮುರಿದರೆ ಆ ಅಧಿಕಾರ ಅವರಿಗೇ ಮರಳುತ್ತದೆ. ಆದಮನಿಂದ ಇಳಿದುಬಂದ ತಂದೆಯ ಹಕ್ಕೇ ರಾಜನ ಹಕ್ಕು ಎಂದಿದ್ದ ರಾಬರ್ಟ್ ಫಿಲ್ಮರನ ವಾದ ಇಲ್ಲಿ ಬುಡಸಹಿತ ಬಿತ್ತು.

ಇಂಗ್ಲೆಂಡಿನ ರಾಜ ಎರಡನೇ ಜೇಮ್ಸನನ್ನು ಕೆಳಗಿಳಿಸಿದ 1688ರ ಕ್ರಾಂತಿಯನ್ನು ಸಮರ್ಥಿಸಲು ಲಾಕ್ ಇದನ್ನು ಬರೆದ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಹೋಗುತ್ತಿತ್ತು. ಪುಸ್ತಕ ಅಚ್ಚಾದದ್ದು 1689ರಲ್ಲಿ, ಲೇಖಕನ ಹೆಸರಿಲ್ಲದೆ. ಬಹುಪಾಲು ಬರೆದದ್ದು ಅದಕ್ಕೂ ಹಲವು ವರ್ಷ ಮೊದಲು. ಅಂಥದ್ದನ್ನು ಬರೆದಿಡುವುದೇ ಪ್ರಾಣಕ್ಕೆ ಅಪಾಯವಾಗಿದ್ದ ಕಾಲ. ಫಿಲ್ಮರನಿಗೇ ಉತ್ತರ ಬರೆದಿದ್ದ ಆಲ್ಜರ್ನನ್ ಸಿಡ್ನಿಯ ತಲೆ 1683ರಲ್ಲಿ ಹೋಯಿತು. ವಿಚಾರಣೆಯಲ್ಲಿ ಅವನ ವಿರುದ್ಧ ಸಾಕ್ಷಿಯಾದದ್ದು ಅವನದೇ ಅಚ್ಚಾಗದ ಹಸ್ತಪ್ರತಿ.

ಇನ್ನೊಂದು ತಪ್ಪು, ಫ್ರೆಂಚ್‌ನಲ್ಲಿ ಬರೆದ ಚಿಂತಕರಾದ ಮಾಂಟೆಸ್ಕ್ಯೂ ಮತ್ತು ರೂಸೋ ಇಬ್ಬರನ್ನೂ ಒಂದೇ ಸಾಲಿಗೆ ಸೇರಿಸುವುದು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆಬೇರೆ ಕೈಯಲ್ಲಿರಬೇಕು ಎನ್ನಲು ಮಾಂಟೆಸ್ಕ್ಯೂ 1748ರಲ್ಲಿ ಇಂಗ್ಲೆಂಡನ್ನೇ ಮಾದರಿಯಾಗಿ ತೋರಿಸಿದ. 1762ರಲ್ಲಿ ರೂಸೋ, ಇಂಗ್ಲಿಷರು ಸ್ವತಂತ್ರರಾಗಿರುವುದು ಚುನಾವಣೆಯ ಹೊತ್ತಿನಲ್ಲಿ ಮಾತ್ರ ಎಂದ. ಅವನ ಪ್ರಕಾರ ಜನರ ಇಚ್ಛೆಯನ್ನು ಇನ್ನೊಬ್ಬರು ಪ್ರತಿನಿಧಿಸಲಾಗದು.

ಇಬ್ಬರೂ ಒಟ್ಟಿಗೆ ಸಿಗುವುದು ಫ್ರಾನ್ಸಿನ 1789ರ ಆಗಸ್ಟ್ 26ರ ಹಕ್ಕುಗಳ ಘೋಷಣೆಯಲ್ಲಿ. 17 ವಿಧಿಗಳು. ಅಧಿಕಾರಗಳು ಬೇರೆಯಾಗದ ಸಮಾಜಕ್ಕೆ ಸಂವಿಧಾನವೇ ಇಲ್ಲ ಎನ್ನುವ 16ನೆಯದು ಮಾಂಟೆಸ್ಕ್ಯೂವಿನದು. ಕಾನೂನೆಂದರೆ ಸಾಮಾನ್ಯ ಇಚ್ಛೆಯ, ಅಂದರೆ ಇಡೀ ಜನಸಮುದಾಯದ ಇಚ್ಛೆಯ, ಅಭಿವ್ಯಕ್ತಿ ಎನ್ನುವ 6ನೆಯದು ರೂಸೋವಿನದು. ಆದರೆ ಅದೇ ವಿಧಿ, ಕಾನೂನು ಮಾಡುವುದರಲ್ಲಿ ನಾಗರಿಕರು ‘ಖುದ್ದಾಗಿ ಅಥವಾ ಪ್ರತಿನಿಧಿಗಳ ಮೂಲಕ’ ಪಾಲ್ಗೊಳ್ಳಬಹುದು ಎನ್ನುತ್ತದೆ. ಮೇಷ್ಟ್ರು ಆ ‘ಅಥವಾ’ದ ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ರೂಸೋ ಎಂದೂ ಒಪ್ಪದ ಪದ ಅದು. ಇಡೀ ಘೋಷಣೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಇವತ್ತಿಗೂ ಕಂಡಿಲ್ಲ.

ಆ ‘ಪ್ರತಿನಿಧಿ’ಯನ್ನು ಆರಿಸುವವರು ಯಾರು ಎಂಬಲ್ಲಿ ಮಾತು ಕೆಟ್ಟಿತು. ಅದೇ ವರ್ಷದ ಕೊನೆಗೆ ಮತದ ಹಕ್ಕು 25 ತುಂಬಿದ, ಮೂರು ದಿನದ ಕೂಲಿಯಷ್ಟು ನೇರ ತೆರಿಗೆ ಕಟ್ಟುವ ಗಂಡಸರಿಗೆ ಮೀಸಲಾಯಿತು. ಮನೆಗೆಲಸದ ಆಳುಗಳಿಗೆ ಇಲ್ಲ. ಹೆಂಗಸರಿಗಂತೂ ಇಲ್ಲವೇ ಇಲ್ಲ. 1791ರಲ್ಲಿ ಲೇಖಕಿ ಒಲಾಂಪ್ ದ ಗೂಜ್ ಆ ಘೋಷಣೆಯ 17 ವಿಧಿಗಳನ್ನೂ ಹೆಣ್ಣಿನ ಹೆಸರಿನಲ್ಲಿ ತಿದ್ದಿ ಬರೆದರು. ವಧಾಸ್ಥಾನ ಏರುವ ಹಕ್ಕು ಇರುವವಳಿಗೆ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕು ಎಂದರು. 1793ರ ನವೆಂಬರಿನಲ್ಲಿ ಅವರನ್ನು ವಧಾಸ್ಥಾನಕ್ಕೆ ಏರಿಸಿದರು. ಫ್ರಾನ್ಸಿನ ಹೆಂಗಸರು ಮೊದಲ ಸಲ ಮತ ಹಾಕಿದ್ದು 1945ರಲ್ಲಿ.