ಅಂಚಿನಲ್ಲಿ ನಿಂತವರು

ಪರದೇಶಕ್ಕೆ ಬಂದ ಮೇಲೆ ಸುಮ್ನೆ ನಿಂತು ಜನರನ್ನು ನೋಡುವುದು ಜಾಸ್ತಿಯಾಗಿದೆ. ಭಾಷೆ ಅರ್ಧಂಬರ್ಧ ಬರುವವನಿಗೆ ಬೇರೆ ದಾರಿಯೂ ಇಲ್ಲ ಬಿಡಿ. ಅದಕ್ಕೇ ಇರಬೇಕು, ಪಕ್ಕದ ಮನೆಯ ಹಿರಿಯರು ತಮ್ಮ ಬೀದಿ ಫೋಟೋಗಳನ್ನು ಮೇಜಿನ ಮೇಲೆ ಹರಡಿದಾಗ ನನಗೆ ಎದ್ದು ಹೋಗಲು ಮನಸ್ಸಾಗಲಿಲ್ಲ.

ಅವರದ್ದು ವೈಡ್‌ಲಕ್ಸ್ ಎಫ್7, ಜಪಾನಿನ ಹಳೆಯ ಪನೋರಮಾ ಕ್ಯಾಮೆರಾ. ಹಾಕುವುದು ಮಾಮೂಲಿ 35 ಎಂಎಂ ರೋಲನ್ನೇ. ಆದರೆ ಒಂದೊಂದು ಚಿತ್ರವೂ 36ರ ಬದಲು 59 ಮಿಲಿಮೀಟರ್ ಅಗಲ. ಹಾಗಾಗಿ 36 ಚಿತ್ರದ ರೋಲಿಗೆ 21 ಚಿತ್ರ ಸಿಕ್ಕರೆ ಮುಗೀತು. ಗುಂಡಿ ಒತ್ತಿದರೆ ಲೆನ್ಸೇ ತಿರುಗುತ್ತದೆ, ನಾವು ಕತ್ತು ಹೊರಳಿಸಿ ಬೀದಿ ನೋಡಿದ ಹಾಗೆ. ಸಣ್ಣ ಸೀಳಿನಿಂದ ಬರುವ ಬೆಳಕು ಫಿಲ್ಮಿನ ಮೇಲೆ ಈ ತುದಿಯಿಂದ ಆ ತುದಿಗೆ ಸರಿಯುತ್ತದೆ. ಆ ಸೀಳಿನ ಜೊತೆಜೊತೆಗೇ ಓಡಿದ ಸೈಕಲ್ ಚಿತ್ರದಲ್ಲಿ ಉದ್ದವಾಗುತ್ತದೆ, ಎದುರು ಬಂದದ್ದು ಕುಗ್ಗುತ್ತದೆ. ಹಿಡಿಯುವಾಗ ಎಚ್ಚರ ತಪ್ಪಿದರೆ ನಮ್ಮ ಬೆರಳೂ ಚಿತ್ರದೊಳಗೆ! ಅವರ ಹೆಬ್ಬೆರಳು ಬಿದ್ದ ಒಂದು ಚಿತ್ರವೂ ಅಲ್ಲಿತ್ತು. ಎಸೆದಿರಲಿಲ್ಲ.

ನಾನು ಬಹಳ ಹೊತ್ತು ನೋಡಿದ್ದು ಒಂದು ಟ್ರಾಮ್ ನಿಲ್ದಾಣದ ಚಿತ್ರ. ನಡುವೆ ಒಬ್ಬನ ಕೊಡೆ ಗಾಳಿಗೆ ಉಲ್ಟಾ ಆಗಿದೆ. ಮೊದಲು ಕಣ್ಣು ಹೋಗುವುದು ಅವನ ಮೇಲೇ. ಆಮೇಲೆ ಎಡ ತುದಿಯಲ್ಲಿ ಗಾಜು ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿರುವ ಅಜ್ಜಿ ಕಾಣುತ್ತಾರೆ. ಬಲ ತುದಿಯಲ್ಲಿ ಒಂದು ಮಗು ಒಂದೇ ಶೂ ಹಾಕಿಕೊಂಡು ನಿಂತಿದೆ. ಅದರ ಅಪ್ಪನಿಗೆ ಇನ್ನೂ ಗೊತ್ತಾಗಿಲ್ಲ.

"ಇಷ್ಟು ಹತ್ತಿರ ನಿಂತರೂ ಇವರ್ಯಾರೂ ನಿಮ್ಮ ಕಡೆ ನೋಡಲಿಲ್ವಾ?" ಅಂತ ಕೇಳಿದೆ.

"ಕ್ಯಾಮೆರಾ ಇರೋದು ಕೊಡೆಯವನ ಕಡೆಗೆ ಅಂದುಕೊಂಡಿದ್ರು," ಅಂದರು.

ಸರಿ ಅಲ್ವಾ? 120 ಡಿಗ್ರಿಗೂ ಜಾಸ್ತಿ ಅಗಲವನ್ನು ನುಂಗುವ ಕ್ಯಾಮೆರಾ ಇದು. ಪಕ್ಕದಲ್ಲಿ ನಿಂತವರಿಗೂ ತಾವು ಚಿತ್ರದಲ್ಲಿದ್ದೇವೆ ಅನ್ನುವುದು ಹೊಳೆಯುವುದಿಲ್ಲ. ಕದ್ದು ತೆಗೆದ ಹಾಗಾಗಲಿಲ್ಲವೇ ಅಂತ ನನಗೆ ಸ್ವಲ್ಪ ಮುಜುಗರವಾದದ್ದೂ ನಿಜ. ಆದರೆ ಯಾರನ್ನೂ ಅಣಕಿಸುವ ಒಂದು ಚಿತ್ರವೂ ಆ ರಾಶಿಯಲ್ಲಿ ಕಾಣಲಿಲ್ಲ.

1998ರಲ್ಲಿ ಬಂದ ಹ್ಯಾಸೆಲ್‌ಬ್ಲಾಡ್ ಎಕ್ಸ್‌ಪ್ಯಾನ್ ಅನ್ನುವ ಇನ್ನೊಂದು ಪನೋರಮಾ ಕ್ಯಾಮೆರಾದಲ್ಲಿ ಲೆನ್ಸ್ ತಿರುಗುವುದಿಲ್ಲ, ಗೆರೆಗಳು ನೆಟ್ಟಗೆ ಬರುತ್ತವೆ. ನನಗೇನೋ ವೈಡ್‌ಲಕ್ಸ್‌ನ ಈ ಬಾಗಿದ ಬೀದಿಗಳೇ ಇಷ್ಟ.

ಹೋದ ತಿಂಗಳು ಒಂದು ರೋಲ್ ನನ್ನ ಕೈಗೂ ಕೊಟ್ಟರು. ಮೂರರಲ್ಲಿ ನನ್ನ ಬೆರಳು. ನೆಗೆಟಿವ್ ಮೇಲೆ ಭೂತಗನ್ನಡಿ ಇಟ್ಟು ಅವರು ನಿಧಾನವಾಗಿ ನೋಡಿದರು. ನಾನು ಗುರಿಯಿಟ್ಟು ತೆಗೆದ ಪಿಟೀಲು ನುಡಿಸುವವನನ್ನು ದಾಟಿ, ತುದಿಯಲ್ಲಿ ಆಕಳಿಸುತ್ತಿದ್ದ ಪೊಲೀಸನ ಹತ್ತಿರ ನಿಂತರು.